ಬೇಸಿಗೆಯ ಬಟ್ಟೆಯೂ ಶರತ್ಕಾಲವೂ

ಅನ್ನ, ಅರಿವೆ, ಆಸರೆ ಈ ಮೂರು ಮನುಷ್ಯನ ಮೊದಲ ಅಗತ್ಯಗಳೆಂದು ಅರ್ಥಶಾಸ್ತ್ರದ ಆರಂಭದ ಪಾಠದಲ್ಲಿಯೇ ನಾವೆಲ್ಲರೂ ಓದಿರುತ್ತೇವೆ. ಅನ್ನದ ಪ್ರಶ್ನೆಯನ್ನು ಕುರಿತು ಭಾಷಣಗಳಾಗುತ್ತವೆ, ಆಸರೆಯ ಪ್ರಶ್ನೆಯನ್ನು ಕುರಿತು ಯೋಜನೆಗಳಾಗುತ್ತವೆ. ಅರಿವೆಯ ಮಾತು ಬಂದಾಗ ಮಾತ್ರ, ಅದು ಅಲಂಕಾರದ ವಿಷಯ, ಅಂಗಡಿಯವರ ವಿಷಯ ಎಂದು ವಿದ್ಯಾವಂತರು ಮುಗುಳ್ನಕ್ಕು ಸುಮ್ಮನಾಗುವುದುಂಟು. ಆದರೆ ಹವಾಮಾನಕ್ಕೂ ಉಡುಪಿಗೂ ಇರುವ ಸಂಬಂಧ ಭೂಗೋಳಶಾಸ್ತ್ರಕ್ಕೆ ಸೇರಿದ್ದು. ಉಡುಪಿಗೂ ಕೈಯಲ್ಲಿರುವ ಹಣಕ್ಕೂ ಇರುವ ಸಂಬಂಧ ಅರ್ಥಶಾಸ್ತ್ರಕ್ಕೆ ಸೇರಿದ್ದು. ಈ ಎರಡೂ ವಿಷಯಗಳನ್ನು ಮೂರು ವರ್ಷ ಓದಿದ ಮೇಲೆ, ನಮ್ಮ ಮೈಮೇಲಿನ ಬಟ್ಟೆಯನ್ನೇ ಒಮ್ಮೆ ಪರೀಕ್ಷಿಸಿ ನೋಡಬಾರದೇಕೆ ಎಂದು ನನಗೆ ಅನಿಸಿತು.

ನಾನು ಇಲ್ಲಿ ಹೇಳಬೇಕೆಂದಿರುವುದು ವರ್ಷದ ಒಂದು ಚಿಕ್ಕ ಅವಧಿಯನ್ನು ಕುರಿತು. ಮಳೆಗಾಲ ಮುಗಿದಿರುತ್ತದೆ, ಚಳಿಗಾಲ ಇನ್ನೂ ಬಂದಿರುವುದಿಲ್ಲ, ಹಗಲು ಬೆಚ್ಚಗೇ ಇರುತ್ತದೆ, ಬೆಳಗಿನ ಮೊದಲ ಬಸ್ಸಿನಲ್ಲಿ ಕುಳಿತವರ ಕೈಗಳು ಮಾತ್ರ ಕಂಕುಳಲ್ಲಿ ಸೇರಿರುತ್ತವೆ. ನಮ್ಮ ವಿಜಯಪುರ, ಬಾಗಲಕೋಟೆ ಸೀಮೆಯ ಎರೆನೆಲದಲ್ಲಿ ಇದು ಹಿಂಗಾರಿ ಜೋಳ ಬಿತ್ತುವ ಕಾಲ. ಬೀಜ, ಗೊಬ್ಬರ, ಎತ್ತಿನ ಅಥವಾ ಟ್ರ್ಯಾಕ್ಟರಿನ ಬಾಡಿಗೆ, ಆಳಿನ ಕೂಲಿ ಎಲ್ಲವೂ ಮಣ್ಣಿಗೆ ಹೋಗಿರುತ್ತವೆ. ಮಣ್ಣಿನಿಂದ ಅದು ಹಿಂದಿರುಗುವುದು ಸಂಕ್ರಾಂತಿ ಕಳೆದ ಮೇಲೆ. ಪರೀಕ್ಷಾ ಶುಲ್ಕ ಕಟ್ಟುವ ಸೂಚನೆ ಕಾಲೇಜಿನ ಫಲಕದ ಮೇಲೆ ಕಾಣಿಸಿಕೊಳ್ಳುವುದು ಹೆಚ್ಚು ಕಡಿಮೆ ಇದೇ ಹೊತ್ತಿಗೆ. ಪೇಟೆಯ ಅಂಗಡಿಗಳ ಮುಂದೆ ಸ್ವೆಟರು, ಜಾಕೀಟುಗಳು ತೂಗಾಡತೊಡಗುವುದೂ ಇದೇ ಹೊತ್ತಿಗೆ. ನಮ್ಮ ಮನೆಯಲ್ಲಿ ಪದವಿ ತರಗತಿಯವರೆಗೆ ಬಂದವರಲ್ಲಿ ನಾನೇ ಮೊದಲಿಗಳು. ನಮ್ಮಂಥ ಮನೆಗಳಲ್ಲಿ ಓದುವ ಮಗ ಅಥವಾ ಮಗಳು ‘ಬೆಳಿಗ್ಗೆ ಚಳಿಯಾಗುತ್ತದೆ’ ಎಂದು ಒಂದು ಮಾತು ಹೇಳಿದರೆ ಸಾಕು, ಎಲ್ಲಿಂದಲೋ ಹಣ ಬರುತ್ತದೆ. ಅದು ಎಲ್ಲಿಂದ ಬಂತು ಎಂಬುದು ಯುಗಾದಿಯ ಹೊತ್ತಿಗೆ ಸಾಲ ಕೊಟ್ಟವರು ಬಾಗಿಲಿಗೆ ಬಂದಾಗ ತಿಳಿಯುತ್ತದೆ. ಆದ್ದರಿಂದ ಈ ಒಂದೂವರೆ ತಿಂಗಳಿಗೆ ನಿಜವಾಗಿ ಹೊಸ ಬಟ್ಟೆ ಬೇಕೇ ಎಂಬ ಪ್ರಶ್ನೆ ಹಗುರವಾದುದಲ್ಲ.

ಮೊದಲು ಋತುವನ್ನೇ ತಿಳಿದುಕೊಳ್ಳೋಣ. ಇಂಗ್ಲಿಷ್ ಪಠ್ಯಗಳ ಮೂಲಕ ನಾವು ವರ್ಷಕ್ಕೆ ನಾಲ್ಕು ಕಾಲಗಳೆಂದು ಕಲಿಯುತ್ತೇವೆ. ಅದರಲ್ಲಿ ‘ಆಟಂ’ ಎಂದರೆ ಎಲೆ ಹಳದಿಯಾಗಿ ಉದುರುವ, ದಿನದಿಂದ ದಿನಕ್ಕೆ ಇಡೀ ಹಗಲೇ ತಣ್ಣಗಾಗುತ್ತ ಹೋಗುವ ಕಾಲ. ನಮ್ಮ ಶರದೃತು ಅದರ ಅನುವಾದವೆಂದು ತಿಳಿದಾಗ ತೊಡಕು ಆರಂಭವಾಗುತ್ತದೆ. ನಮ್ಮವರು ವರ್ಷವನ್ನು ಆರು ಋತುಗಳಾಗಿ ವಿಂಗಡಿಸಿ ಆಶ್ವಯುಜ, ಕಾರ್ತಿಕ ಮಾಸಗಳನ್ನು ಶರತ್ತೆಂದರು. ಕಾಳಿದಾಸನ ‘ಋತುಸಂಹಾರ’ವು ಗ್ರೀಷ್ಮದಿಂದ ಆರಂಭವಾಗುತ್ತದೆ, ಅದರ ಆರು ಸರ್ಗಗಳಲ್ಲಿ ಮೂರನೆಯದು ಶರತ್ತಿಗೆ ಮೀಸಲು. ಚಳಿಯ ಋತುಗಳಾದ ಹೇಮಂತ, ಶಿಶಿರಗಳು ಅದರ ಆಚೆಗೆ ಬರುತ್ತವೆ. ಅಂದರೆ ಶರತ್ತು ಚಳಿಗಾಲದ ಆರಂಭಕ್ಕಿಂತ ಮಳೆಗಾಲದ ಮುಕ್ತಾಯಕ್ಕೆ ಹತ್ತಿರದ್ದು. ರೈತರ ಲೆಕ್ಕದಲ್ಲಂತೂ ಇದಿನ್ನೂ ಮಳೆಗಳ ಹೆಸರಿನಲ್ಲಿಯೇ ನಡೆಯುತ್ತದೆ: ಸೆಪ್ಟೆಂಬರ್ ಕೊನೆಯಲ್ಲಿ ಹಸ್ತ, ಅಕ್ಟೋಬರ್ ೧೦ರ ಸುಮಾರಿಗೆ ಚಿತ್ತಿ, ೨೪ರ ಸುಮಾರಿಗೆ ಸ್ವಾತಿ.

ಭೂಗೋಳಶಾಸ್ತ್ರ ಹೇಳುವುದೂ ಇದಕ್ಕೆ ಹೊಂದುತ್ತದೆ. ನೈಋತ್ಯ ಮಾರುತವು ಸೆಪ್ಟೆಂಬರ್ ತಿಂಗಳ ನಡುವಿನ ನಂತರ ರಾಜಸ್ಥಾನದ ಪಶ್ಚಿಮದಿಂದ ಹಿಂದೆ ಸರಿಯತೊಡಗಿ, ಅಕ್ಟೋಬರ್ ನಡುವಿನ ಹೊತ್ತಿಗೆ ನಮ್ಮ ರಾಜ್ಯವನ್ನು ಬಿಟ್ಟು ಹೋಗುವುದು ವಾಡಿಕೆ. ಮೋಡ ಸರಿದುದರಿಂದ ಬಿಸಿಲಿಗೆ ತಡೆಯಿರುವುದಿಲ್ಲ. ನೆಲವಿನ್ನೂ ಹಸಿಯಾಗಿರುವುದರಿಂದ ಗಾಳಿಯಲ್ಲಿ ತೇವವಿರುತ್ತದೆ. ಈ ಎರಡೂ ಕೂಡಿದಾಗ ಆಗುವ ಬೇಗೆಗೆ ಪಠ್ಯಪುಸ್ತಕಗಳಲ್ಲಿ ‘ಅಕ್ಟೋಬರ್ ಸೆಕೆ’ ಎಂದೇ ಹೆಸರಿದೆ. ಆದರೆ ಹಗಲು ಬಿಸಿಲನ್ನು ಒಳಗೆ ಬಿಟ್ಟ ಅದೇ ಬರಿಯ ಆಕಾಶ, ರಾತ್ರಿ ನೆಲದ ಶಾಖವನ್ನು ಹೊರಗೂ ಬಿಡುತ್ತದೆ. ಮಳೆಗಾಲದ ಮೋಡವು ಹೊದಿಕೆಯಂತೆ ಆ ಶಾಖವನ್ನು ತಡೆದಿತ್ತು. ಈಗ ಆ ಹೊದಿಕೆಯಿಲ್ಲ. ವಿಜಯಪುರದಲ್ಲಿ ಆಗಸ್ಟ್ ತಿಂಗಳಲ್ಲಿ ಹಗಲಿನ ಗರಿಷ್ಠ ಉಷ್ಣತೆಗೂ ರಾತ್ರಿಯ ಕನಿಷ್ಠ ಉಷ್ಣತೆಗೂ ಇರುವ ಅಂತರ ಸರಾಸರಿ ೯ ಡಿಗ್ರಿಯ ಸುಮಾರು. ಅಕ್ಟೋಬರಿನಲ್ಲಿ ಅದು ೧೧, ೧೨ ಡಿಗ್ರಿಗೆ ಬೆಳೆದು, ಡಿಸೆಂಬರ್ ಹೊತ್ತಿಗೆ ಸುಮಾರು ೧೪ ಡಿಗ್ರಿಯಾಗುತ್ತದೆ. ಅಕ್ಟೋಬರ್ ಹಗಲು ೩೧, ೩೨ ಡಿಗ್ರಿಯವರೆಗೆ ಏರುವುದು ಸಾಮಾನ್ಯ.

ಈ ಅಂಕಿಗಳನ್ನು ಸ್ವಲ್ಪ ನಿಂತು ನೋಡಬೇಕು. ಶರತ್ತಿನಲ್ಲಿ ಬದಲಾಗಿರುವುದು ದಿನದ ನಡುಭಾಗವಲ್ಲ. ಅದರ ಎರಡು ತುದಿಗಳು ಮಾತ್ರ. ಹತ್ತು ಗಂಟೆಯಿಂದ ನಾಲ್ಕು ಗಂಟೆಯವರೆಗೆ ಬೇಸಿಗೆಯ ಬಟ್ಟೆಯೇ ತಕ್ಕದ್ದು. ಬೆಳಿಗ್ಗೆ ಎಂಟರೊಳಗೆ ಮತ್ತು ದೀಪ ಹಚ್ಚಿದ ಮೇಲೆ ಅದಕ್ಕೆ ಏನೋ ಒಂದು ಕೂಡಬೇಕು. ಆದುದರಿಂದ ದಪ್ಪ ಬಟ್ಟೆಗೆ ಬದಲಾಯಿಸಿಕೊಳ್ಳುವವರು ಎರಡು ತಾಸಿನ ಚಳಿಗಾಗಿ ಆರು ತಾಸಿನ ಸೆಕೆಯನ್ನು ಕೊಂಡುಕೊಂಡಂತಾಗುತ್ತದೆ. ಬೇಕಾಗಿರುವುದು ದಪ್ಪ ಬಟ್ಟೆಯಲ್ಲ, ಸುಲಭವಾಗಿ ಹಾಕಿ ತೆಗೆಯಬಹುದಾದ ಬಟ್ಟೆ.

ಇದನ್ನು ನಮ್ಮ ಹಳ್ಳಿಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಬಿತ್ತಲು ನಸುಕಿನಲ್ಲಿ ಹೊರಟ ರೈತನ ಹೆಗಲ ಮೇಲೆ ಕಂಬಳಿಯಿರುತ್ತದೆ. ಒಳಗೆ ಇರುವುದು ಅದೇ ಬೇಸಿಗೆಯ ತೆಳು ಅಂಗಿ, ಧೋತರ. ಬಿಸಿಲೇರಿದಂತೆ ಕಂಬಳಿ ಹೆಗಲಿನಿಂದ ಬದುವಿಗೆ, ಬದುವಿನಿಂದ ಬೇವಿನ ಟೊಂಗೆಗೆ ಹೋಗುತ್ತದೆ. ಮಧ್ಯಾಹ್ನ ಅದೇ ಕಂಬಳಿಯನ್ನು ಹಾಸಿಕೊಂಡು ರೊಟ್ಟಿ ಬಿಚ್ಚುತ್ತಾರೆ. ಸಂಜೆ ಮತ್ತೆ ಹೆಗಲಿಗೆ ಬರುತ್ತದೆ. ಒಂದೇ ವಸ್ತು ದಿನಕ್ಕೆ ನಾಲ್ಕು ಕೆಲಸ ಮಾಡುತ್ತದೆ, ಒಳಗಿನ ಬಟ್ಟೆ ಬದಲಾಗುವುದೇ ಇಲ್ಲ.

ಶಾಸ್ತ್ರಕಾರರೂ ಇದನ್ನು ಗಮನಿಸಿದ್ದರೆಂಬುದು ನನಗೆ ಸಂತೋಷ ಕೊಟ್ಟ ಸಂಗತಿ. ವಾಗ್ಭಟನ ‘ಅಷ್ಟಾಂಗಹೃದಯ’ದ ಸೂತ್ರಸ್ಥಾನದಲ್ಲಿ ಮೂರನೆಯ ಅಧ್ಯಾಯ ಋತುಚರ್ಯೆಯದು. ಶರತ್ತಿನಲ್ಲಿ ಪಿತ್ತ ಕೆರಳುತ್ತದೆಂದು ಹೇಳಿ, ಸಂಜೆಯ ಹೊತ್ತು ಶುಭ್ರವಾದ ವಸ್ತ್ರ ಧರಿಸಿ ಮಾಳಿಗೆಯ ಮೇಲೆ ಬೆಳದಿಂಗಳಲ್ಲಿ ಕೂರಬೇಕೆನ್ನುವ ಅವನು, ಬಿಡಬೇಕಾದವುಗಳ ಪಟ್ಟಿಯಲ್ಲಿ ಬಿಸಿಲನ್ನೂ ಇಬ್ಬನಿಯನ್ನೂ ಒಟ್ಟಿಗೇ ಸೇರಿಸಿದ್ದಾನೆ. ಮೂಡಣ ಗಾಳಿಯನ್ನೂ ಬಿಟ್ಟಿಲ್ಲ. ಒಂದೇ ಋತುವಿನಲ್ಲಿ ಬಿಸಿಲಿಗೂ ಇಬ್ಬನಿಗೂ ಎಚ್ಚರ ಹೇಳುವುದು ಮೇಲುನೋಟಕ್ಕೆ ವಿಚಿತ್ರ, ಆದರೆ ದಿನದ ಎರಡು ತುದಿಗಳನ್ನು ನೆನೆದರೆ ಸರಿಯಾಗಿಯೇ ಇದೆ. ಪಿತ್ತದ ವಿಚಾರವನ್ನು ವೈದ್ಯರಿಗೆ ಬಿಡೋಣ. ಅದೇ ಅಧ್ಯಾಯದ ಇನ್ನೊಂದು ಮಾತು ನಮ್ಮ ಪಾಲಿಗೆ ಇನ್ನೂ ಉಪಯುಕ್ತ. ಒಂದು ಋತುವಿನ ಕೊನೆಯ ಏಳು ದಿನ ಮತ್ತು ಮುಂದಿನ ಋತುವಿನ ಮೊದಲ ಏಳು ದಿನ ಕೂಡಿ ಋತುಸಂಧಿ. ಆಗ ಹಳೆಯ ರೂಢಿಯನ್ನು ಒಮ್ಮೆಲೇ ಬಿಡದೆ, ಹೊಸದನ್ನು ಒಮ್ಮೆಲೇ ಹಿಡಿಯದೆ, ಕ್ರಮವಾಗಿ ಬದಲಾಯಿಸಬೇಕು, ಇಲ್ಲವಾದರೆ ರೋಗಕ್ಕೆ ದಾರಿ ಎಂದು ಅಲ್ಲಿ ಹೇಳಿದೆ. ದಸರೆಯ ರಜೆಗೆ ಊರಿಗೆ ಹೋದವರು ಬೇಸಿಗೆಯ ಬಟ್ಟೆಯನ್ನೆಲ್ಲ ಪೆಟ್ಟಿಗೆಗೆ ಹಾಕಿ ಚಳಿಗಾಲದ ಬಟ್ಟೆ ಹೊತ್ತು ವಸತಿಗೃಹಕ್ಕೆ ಬರುವುದು ಈ ಮಾತಿಗೆ ನೇರ ವಿರುದ್ಧ.

ಇನ್ನು ಬಟ್ಟೆಯ ಗುಣ. ಬಟ್ಟೆ ತಾನಾಗಿ ಶಾಖವನ್ನು ಕೊಡುವುದಿಲ್ಲ. ಮೈಯ ಶಾಖ ಹೊರಗೆ ಹೋಗದಂತೆ ತಡೆಯುತ್ತದೆ, ಅಷ್ಟೆ. ಈ ತಡೆಯುವ ಕೆಲಸದಲ್ಲಿ ನೂಲಿಗಿಂತ ನೂಲುಗಳ ನಡುವೆ ಸಿಕ್ಕಿಕೊಂಡ, ಚಲಿಸದ ಗಾಳಿಯ ಪಾತ್ರ ದೊಡ್ಡದು. ಎರಡು ತೆಳು ಬಟ್ಟೆಗಳನ್ನು ಒಂದರ ಮೇಲೊಂದು ತೊಟ್ಟರೆ ಅವುಗಳ ನಡುವೆಯೂ ಒಂದು ಗಾಳಿಯ ಪದರ ಸಿಗುತ್ತದೆ. ಒಂದು ದಪ್ಪ ಬಟ್ಟೆಯಲ್ಲಿ ಅದಿಲ್ಲ. ಮೇಲಾಗಿ ಅದರ ಅರ್ಧವನ್ನು ಕಳಚಿಡಲು ಬರುವುದಿಲ್ಲ. ಬನಿಯನ್ ಮತ್ತು ಅಂಗಿ, ಅಂಗಿ ಮತ್ತು ಶಾಲು ಎಂಬ ಹಳೆಯ ಜೋಡಿಗಳ ಹಿಂದೆ ಈ ಲೆಕ್ಕವಿದೆ.

ತೇವದ ವಿಚಾರವೂ ಅಷ್ಟೇ ಮುಖ್ಯ. ಸಾಧಾರಣ ಹವೆಯಲ್ಲಿ ಹತ್ತಿಯ ನೂಲು ತನ್ನ ತೂಕದ ಶೇಕಡಾ ೮ರಷ್ಟು, ಉಣ್ಣೆ ಶೇಕಡಾ ೧೬ರಷ್ಟು ತೇವವನ್ನು ತನ್ನಲ್ಲಿ ಹಿಡಿದಿರುತ್ತದೆ. ಪಾಲಿಯೆಸ್ಟರ್ ಶೇಕಡಾ ಅರ್ಧದಷ್ಟನ್ನೂ ಹಿಡಿಯದು. ೧೯೪೧ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ರಸಾಯನಶಾಸ್ತ್ರಜ್ಞರು ರೂಪಿಸಿದ ಈ ನೂಲು ಟೆರಿಲೀನ್ ಎಂಬ ಹೆಸರು ಪಡೆಯಿತು. ಹತ್ತಿಯೊಡನೆ ಬೆರೆತು ನಮ್ಮ ತಂದೆಯವರ ಕಾಲಕ್ಕೆ ಟೆರಿಕಾಟ್ ಆಯಿತು. ಇಸ್ತ್ರಿ ಬೇಡ, ಬೇಗ ಒಣಗುತ್ತದೆ, ಬಹುಕಾಲ ಬಾಳುತ್ತದೆ ಎಂಬ ಗುಣಗಳು ಬಡವರಿಗೆ ಸಣ್ಣವಲ್ಲ, ನಾನು ಅದನ್ನು ಹಳಿಯುವವಳಲ್ಲ. ಆದರೆ ಅಕ್ಟೋಬರ್ ಮಧ್ಯಾಹ್ನ ಬೆವರು ಆ ಬಟ್ಟೆಗೂ ಚರ್ಮಕ್ಕೂ ನಡುವೆ ನಿಲ್ಲುತ್ತದೆಂಬುದನ್ನು ತೊಟ್ಟವರೆಲ್ಲ ಬಲ್ಲರು. ಹತ್ತಿಗೂ ತನ್ನದೇ ದೋಷವಿದೆ. ಅದು ಬೆವರನ್ನು ಹೀರುತ್ತದೆ, ಆದರೆ ನಿಧಾನವಾಗಿ ಒಣಗುತ್ತದೆ. ಮಧ್ಯಾಹ್ನ ಬೆವೆತ ಹತ್ತಿಯ ಅಂಗಿಯಲ್ಲಿಯೇ ಸಂಜೆಯ ಗಾಳಿಗೆ ಕುಳಿತರೆ, ಆ ತೇವ ಆರುವಾಗ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ, ಚಳಿಯೆನಿಸುತ್ತದೆ. ಇದಕ್ಕೆ ಪರಿಹಾರ ಸ್ವೆಟರಲ್ಲ, ಒಣ ಅಂಗಿ. ತರಗತಿ ಮುಗಿಸಿ ಬಂದ ಕೂಡಲೇ ಅಂಗಿ ಬದಲಿಸಿ, ತೊಟ್ಟಿದ್ದನ್ನು ಹಗ್ಗದ ಮೇಲೆ ಹರವಿದರೆ ಸಂಜೆಯ ಚಳಿಯ ಅರ್ಧ ಭಾಗ ಅಲ್ಲಿಗೇ ತೀರಿತು. ಎರಡೇ ಅಂಗಿಗಳಿದ್ದವರಿಗೂ ಇದು ಸಾಧ್ಯ.

ಬೇಸಿಗೆಯ ಅಂಗಿಗಳಲ್ಲಿ ತೋಳು ತುಂಬಿದವುಗಳನ್ನು ಶರತ್ತಿಗೆ ಮೇಲಕ್ಕೆ ತೆಗೆದಿಡುವುದು ಒಳ್ಳೆಯದು. ಬೆಳಿಗ್ಗೆ ತೋಳು ಮಣಿಕಟ್ಟಿನವರೆಗೆ, ಹತ್ತು ಗಂಟೆಗೆ ಮೊಣಕೈವರೆಗೆ. ಬಿಳಿಯ ಮತ್ತು ತಿಳಿಬಣ್ಣದವುಗಳನ್ನು ಬಿಡಬೇಕಾಗಿಲ್ಲ, ಬಿಸಿಲಿನ್ನೂ ಇದ್ದೇ ಇದೆಯಲ್ಲ! ಗಂಜಿಯ ವಿಷಯದಲ್ಲಿ ಮಾತ್ರ ಸ್ವಲ್ಪ ಬದಲಾವಣೆ ಬೇಕು. ಬೇಸಿಗೆಯಲ್ಲಿ ಗಂಜಿ ಹಾಕಿದ ಹತ್ತಿಯ ಬಟ್ಟೆ ಸೆಟೆದು ಮೈಯಿಂದ ದೂರ ನಿಲ್ಲುತ್ತದೆ, ಒಳಗೆ ಗಾಳಿಯಾಡುತ್ತದೆ. ಅದಕ್ಕಾಗಿಯೇ ಅದು ಹಿತ. ಶರತ್ತಿನ ಬೆಳಗಿನಲ್ಲಿ ಅದೇ ಗಾಳಿ ಬೇಡವಾಗುತ್ತದೆ. ಚಿತ್ತಿಯ ಮಳೆಯ ಹೊತ್ತಿಗೆ ಗಂಜಿಯನ್ನು ಅರ್ಧಕ್ಕಿಳಿಸಿ, ಸ್ವಾತಿಯ ಹೊತ್ತಿಗೆ ಬಿಟ್ಟುಬಿಟ್ಟರೆ, ಅದೇ ಬಟ್ಟೆ ಮೆತ್ತಗಾಗಿ ಮೈಗೆ ಹತ್ತಿ ಕೂರುತ್ತದೆ. ಒಂದು ಕಾಸಿನ ಖರ್ಚಿಲ್ಲದ ಬದಲಾವಣೆ ಇದು.

ಸೀರೆಯುಡುವವರಿಗೆ ಈ ಋತು ಅಷ್ಟು ಕಷ್ಟದ್ದಲ್ಲ, ಏಕೆಂದರೆ ಹಾಕಿ ತೆಗೆಯುವ ಪದರ ಸೀರೆಯಲ್ಲಿಯೇ ಇದೆ. ನಸುಕಿನಲ್ಲಿ ಸೆರಗು ತಲೆಯ ಮೇಲಿಂದ ಎರಡೂ ಭುಜಗಳನ್ನು ಸುತ್ತಿಕೊಂಡಿರುತ್ತದೆ. ಕೆಲಸಕ್ಕೆ ನಿಂತಾಗ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತದೆ. ಹಳೆಯ ಪದ್ಧತಿಯ ಇಳಕಲ್ ಸೀರೆಯಲ್ಲಿ ಒಡಲಿನ ಹಾಸುನೂಲು ಹತ್ತಿಯದು, ಸೆರಗಿನದು ರೇಷ್ಮೆಯದು. ಎರಡನ್ನೂ ಮಗ್ಗದ ಮೇಲೆ ಕುಣಿಕೆಗಳಿಂದ ಕೂಡಿಸಿ ನೇಯುತ್ತಾರೆ. ಸೆಕೆಯಾಗುವ ಕಡೆ ಹತ್ತಿ, ಹೊದ್ದುಕೊಳ್ಳುವ ಕಡೆ ರೇಷ್ಮೆ! ನೇಕಾರರು ಋತುಮಾನವನ್ನು ನೆನೆದು ಹೀಗೆ ಮಾಡಿದರೆಂದು ನಾನು ವಾದಿಸಲಾರೆ. ಚೆಲುವಿಗಾಗಿಯೂ ಬೆಲೆ ಕೈಗೆಟುಕಲೆಂದೂ ಮಾಡಿದ್ದಿರಬಹುದು. ಆದರೂ ಸೀಗಿ ಹುಣ್ಣಿಮೆಯ ಸಂಜೆ ಹೊಲದಲ್ಲಿ ಚರಗ ಚೆಲ್ಲಿ ಬುತ್ತಿಯುಂಡು ಬೆಳದಿಂಗಳಲ್ಲಿ ಮರಳುವಾಗ ಆ ಸೆರಗಿನ ಉಪಯೋಗ ಏನೆಂಬುದು ಉಟ್ಟವರಿಗೆ ಗೊತ್ತು.

ಚೂಡಿದಾರ, ಪ್ಯಾಂಟು ತೊಡುವ ನಮಗೆ ಆ ಸೆರಗಿನ ಸ್ಥಾನದಲ್ಲಿ ಏನಾದರೂ ಬೇಕು. ಈಗಿನ ದುಪಟ್ಟಾಗಳು ಹೆಚ್ಚಾಗಿ ಜಾಳು ಬಟ್ಟೆಯವು, ನೋಟಕ್ಕೆ ಮಾತ್ರ. ನಮ್ಮ ತಾಯಿಯವರು ಹೊಲಿದುಕೊಟ್ಟ ಎರಡು ಪದರದ ಹೊದಿಕೆಯನ್ನು ನಾನು ಮೂರು ಶರತ್ಕಾಲ ಬಳಸಿದ್ದೇನೆ. ಅದನ್ನು ಮಾಡುವ ಬಗೆಯನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಇದು ಕೌದಿಯ ತಂಗಿ ಎನ್ನಬಹುದು. ಕೌದಿಯಲ್ಲಿ ಹಳೆಯ ಬಟ್ಟೆಯ ನಾಲ್ಕಾರು ಪದರಗಳಿರುತ್ತವೆ, ಹಾಸಲು ಹೊದೆಯಲು ಅದು ತಕ್ಕದ್ದು, ಹೊತ್ತು ತಿರುಗಲು ಭಾರ. ಇದಕ್ಕೆ ಎರಡೇ ಪದರ ಸಾಕು.

ಹಳೆಯ ಹತ್ತಿಯ ಸೀರೆಯೊಂದನ್ನು ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಬೇಕು. ನಿರಿಗೆ ಬೀಳುವ ಮತ್ತು ಕೂರುವಾಗ ಒತ್ತುವ ಭಾಗಗಳು ಸವೆದಿರುತ್ತವೆ. ಅವನ್ನು ಬಿಟ್ಟು ಗಟ್ಟಿಯಾಗಿರುವ ಕಡೆ, ತಲಾ ಎರಡು ಗಜದ ಎರಡು ತುಂಡುಗಳನ್ನು ಕತ್ತರಿಸಬೇಕು. ಅಗಲವನ್ನು ಹೆಗಲಿನಿಂದ ಸೊಂಟದವರೆಗೆ ಬರುವಷ್ಟಕ್ಕೆ ಇಳಿಸಬಹುದು. ಎರಡೂ ಒಂದೇ ಸೀರೆಯವಾದರೆ ಉತ್ತಮ. ಒಂದು ಹಳೆಯದು, ಇನ್ನೊಂದು ಹೊಸದಾದರೆ ಒಗೆದಾಗ ಹೊಸದು ಕುಗ್ಗಿ, ಹಳೆಯದನ್ನು ಸುಕ್ಕುಗಟ್ಟಿಸಿ ಹೊಲಿಗೆಯ ಬಳಿ ಹರಿಯುತ್ತದೆ. ಗಂಜಿಯೆಲ್ಲ ಹೋಗುವಂತೆ ಮೊದಲು ಬಿಸಿನೀರಿನಲ್ಲಿ ಒಗೆದು ಒಣಗಿಸಬೇಕು. ಆಮೇಲೆ ಒಂದರ ಮೇಲೊಂದು ಹರವಿ, ಅಂಚುಗಳನ್ನು ಒಳಕ್ಕೆ ಮಡಚಿ ಹೊಲಿದು, ಉದ್ದಕ್ಕೂ ಹಾಸುಹೊಲಿಗೆ ಹಾಕಬೇಕು. ಹೊಲಿಗೆಯ ಸಾಲುಗಳ ನಡುವೆ ನಾಲ್ಕು ಬೆರಳಿನಷ್ಟು ಜಾಗವಿರಲಿ. ನೋಟಕ್ಕೆಂದು ಸಾಲುಗಳನ್ನು ಒತ್ತೊತ್ತಾಗಿ ಹಾಕಿದರೆ ಎರಡು ಪದರ ಅಂಟಿಕೊಂಡು ನಡುವಿನ ಗಾಳಿ ಹೋಗುತ್ತದೆ. ಆಗ ಅದು ಎರಡು ಪದರವಿದ್ದೂ ಒಂದೇ ಪದರದ ಕೆಲಸ ಮಾಡುತ್ತದೆ. ತೀರ ದೂರವಾದರೆ ಒಗೆಯುವಾಗ ಪದರಗಳು ಜೋಲುತ್ತವೆ. ದಾರವೂ ಹತ್ತಿಯದೇ ಇರಲಿ. ನೈಲಾನಿನ ದಾರ ಹಳೆಯ ಬಟ್ಟೆಯನ್ನು ಕೊಯ್ಯುತ್ತದೆ. ಎರಡು ಮೂರು ಸಂಜೆಗಳ ಕೆಲಸವಿದು. ಮಡಚಿದರೆ ಎರಡು ನೋಟುಪುಸ್ತಕಗಳಷ್ಟು ಜಾಗ ಹಿಡಿಯುತ್ತದೆ, ತರಗತಿಯಲ್ಲಿ ಬೆಂಚಿನ ಮೇಲೆ ಹಾಕಿ ಕೂರಲೂ ಬರುತ್ತದೆ. ಗಂಡುಮಕ್ಕಳು ಇದನ್ನೇ ಧೋತರದ ತುಂಡುಗಳಿಂದ ಮಾಡಿಕೊಂಡು ಅಂಗಿಯ ಮೇಲೆ ಶಾಲಿನಂತೆ ಹೊದೆಯಬಹುದು.

ಹೊದೆಯಬಹುದು ಎಂದು ಬರೆಯುವುದು ಸುಲಭ, ನಾಲ್ಕು ಜನರ ನಡುವೆ ಹೊದೆಯುವುದು ಬೇರೆ. ಹಳೆಯ ಸೀರೆಯ ಅಂಚು ಎಲ್ಲಿಂದ ಬಂತೆಂದು ಗುರುತಿಸುವವರು ಇರುತ್ತಾರೆ; ಮೊದಲ ವರ್ಷ ನನ್ನ ಹೊದಿಕೆಗೆ ‘ಅಜ್ಜಿ’ ಎಂದು ಹೆಸರಿಟ್ಟವರಿದ್ದರು. ಕಂಬಳಿ ಹೊದ್ದು ಮೊದಲ ಬಸ್ಸಿಗೆ ಬರುವ ಹುಡುಗರು ಕಾಲೇಜಿನ ದ್ವಾರಕ್ಕಿಂತ ಮೊದಲೇ ಅದನ್ನು ಮಡಚಿ ಪರಿಚಿತರ ಅಂಗಡಿಯಲ್ಲಿಟ್ಟು ಬರುವುದನ್ನು ನಾನು ಕಂಡಿದ್ದೇನೆ. ಅದೇ ಕಂಬಳಿ ಊರಲ್ಲಿ ಬೀರಪ್ಪನ ಗುಡಿಯಲ್ಲಿ ಗದ್ದುಗೆಗೆ ಹಾಸುವ ವಸ್ತು, ಹಿರಿಯರು ಬಂದರೆ ಕೂರಲು ಹಾಸುವ ವಸ್ತು. ಹಾದಿಯಲ್ಲಿ ಹತ್ತು ಮೈಲಿ ಬರುವಷ್ಟರಲ್ಲಿ ಅದರ ಮರ್ಯಾದೆ ಏಕೆ ಕಡಿಮೆಯಾಗುತ್ತದೆ? ಇದಕ್ಕೆ ಭೂಗೋಳಶಾಸ್ತ್ರದಲ್ಲಿ ಉತ್ತರವಿಲ್ಲ, ಸಮಾಜಶಾಸ್ತ್ರದ ಪ್ರಾಧ್ಯಾಪಕರು ಯಾರಾದರೂ ಬರೆದರೆ ಓದಲು ನಾನು ಸಿದ್ಧಳಿದ್ದೇನೆ. ನನ್ನ ಹೊದಿಕೆಯ ಮಟ್ಟಿಗೆ ಹೇಳುವುದಾದರೆ, ಹೆಸರಿಟ್ಟವರಲ್ಲಿ ಇಬ್ಬರು ಎರಡನೆಯ ವರ್ಷ ಅದರ ಹೊಲಿಗೆಯ ಅಳತೆ ಕೇಳಿ ಬರೆದುಕೊಂಡರು.

ಮೇಲೆ ಹೇಳಿದುದೆಲ್ಲ ಒಳನಾಡಿನ ಬಯಲಿಗೆ ಅನ್ವಯಿಸುವ ಮಾತು. ಕರಾವಳಿಯಲ್ಲಿ ಸಮುದ್ರವು ರಾತ್ರಿಯನ್ನೂ ಬೆಚ್ಚಗಿಡುವುದರಿಂದ ಮಂಗಳೂರು, ಕಾರವಾರಗಳ ಮಿತ್ರರಿಗೆ ಶರತ್ತಿನಲ್ಲಿ ಹೊದಿಕೆಯ ಚಿಂತೆಯೇ ಇಲ್ಲ. ಅವರ ಚಿಂತೆ ಬೆವರಿನದು. ಮಡಿಕೇರಿಯ ಕಡೆಯವರಿಗೆ ಇದಕ್ಕಿಂತ ಬೆಚ್ಚಗಿರುವುದು ಬೇಕಾಗಬಹುದು. ಬೆಂಗಳೂರಿನಲ್ಲಿ ಅಕ್ಟೋಬರ್ ಹಗಲು ೨೮ ಡಿಗ್ರಿಯ ಸುಮಾರಿನಲ್ಲಿಯೇ ನಿಲ್ಲುವುದರಿಂದ ಅಲ್ಲಿಯವರು ಹೊದಿಕೆಯನ್ನು ಇನ್ನೊಂದು ತಾಸು ಹೆಚ್ಚಿಗೆ ಇಟ್ಟುಕೊಳ್ಳುತ್ತಾರೆ, ಅಷ್ಟೇ ವ್ಯತ್ಯಾಸ.

ಒಂದು ಮಾತು ಉಳಿಯಿತು. ಮಳೆಗಾಲದಲ್ಲಿ ಪೆಟ್ಟಿಗೆಯಲ್ಲಿ ಮಡಚಿಟ್ಟ ಹತ್ತಿಯ ಬಟ್ಟೆಗಳಿಗೆ ಮಡಿಕೆಯ ಗೆರೆಯಲ್ಲಿ ಬೂಸು ಹಿಡಿದಿರುತ್ತದೆ. ಗಂಜಿ ಇದ್ದ ಬಟ್ಟೆಗೆ ಇದು ಬೇಗ. ಶರತ್ತಿನ ಬಿಸಿಲು ತೀಕ್ಷ್ಣವಾದುದು; ಮೋಡವಿಲ್ಲದ ಮೊದಲ ಭಾನುವಾರವೇ ಎಲ್ಲವನ್ನೂ ಹೊರಗೆ ಹರವಬೇಕು. ಬಣ್ಣದವನ್ನು ಒಳಮೈ ಹೊರಗಾಗಿಸಿ ಹಾಕಿದರೆ ಬಣ್ಣ ಮಾಸುವುದಿಲ್ಲ. ಕಂಬಳಿಯನ್ನೂ ಅಂದೇ ಅಟ್ಟದಿಂದ ಇಳಿಸಿ, ಕೋಲಿನಿಂದ ಬಡಿದು, ಎರಡೂ ಮಗ್ಗುಲು ಬಿಸಿಲು ತೋರಿಸಬೇಕು. ಉಣ್ಣೆಯನ್ನು ತಿನ್ನುವುದು ಹಾರಾಡುವ ನುಸಿಯಲ್ಲ, ಅದರ ಮರಿಹುಳು. ಅದು ಕೊಳೆ ಬೆವರುಗಳಿರುವ ಕಡೆಯೇ ಮೊದಲು ಕಡಿಯುತ್ತದೆ, ಆದುದರಿಂದ ಕುತ್ತಿಗೆಗೆ ತಾಗುವ ಅಂಚನ್ನು ತಪ್ಪದೆ ನೋಡಬೇಕು. ಮಾರ್ಗಶಿರ ಬಂದು ನಿಜವಾದ ಚಳಿ ಹಿಡಿದಾಗ ಎರಡು ಪದರದ ಹೊದಿಕೆಯೊಂದೇ ಸಾಲದು. ಅಂದು ಈ ಕಂಬಳಿ ಬೇಕಾಗುತ್ತದೆ.